ಹದಿನೆಂಟಕ್ಕೆ ಮುಗಿಯದ ಲೆಕ್ಕ

ಹಿರಿಯೂರಿನ ನಮ್ಮನೆ ಪಡಸಾಲೆಯಲ್ಲಿ ಅಕ್ಕನ ವಿಚ್ಛೇದನದ ಮಾತುಕತೆ. "ಮಗನಿಗೆ 18 ತುಂಬೋವರೆಗೆ ತಿಂಗಳಾ ತಿಂಗಳಾ ಕೊಡ್ತೀವಿ," ಅಂದ್ರು ಭಾವನ ಕಡೆಯ ಹಿರಿಯರು. ಆಟಿಸಂ ಇರುವ ನನ್ನ ಸೋದರಳಿಯನಿಗೆ ಈಗ ಒಂಬತ್ತು. ಅಕ್ಕ ಕೇಳಿದಳು: "ಮರುದಿನದಿಂದ ಅವನೇ ದುಡ್ಕೊಂಡು ತಿನ್ತಾನಾ?"

ರಾತ್ರಿ ಕೂತು ಲೆಕ್ಕ ಬರೆದೆವು: ಚಿತ್ರದುರ್ಗದ ಥೆರಪಿ ಫೀಸು, ಬಸ್ ಚಾರ್ಜು, ಅವನಿಗಾಗಿ ಅಕ್ಕ ಬಿಟ್ಟ ಕೆಲಸದ ಸಂಬಳ.

ವೈಕಲ್ಯದಿಂದಾಗಿ ದುಡಿದು ಬದುಕಲಾಗದ ಮಕ್ಕಳಿಗೆ 18 ದಾಟಿದರೂ ಜೀವನಾಂಶ ಕೇಳುವ ಹಕ್ಕಿದೆ. ಹಿಂದೆ ಸಿಆರ್‌ಪಿಸಿ 125ನೇ ಕಲಂ, 2024ರ ಜುಲೈನಿಂದ ಬಿಎನ್‌ಎಸ್‌ಎಸ್ 144. ಕೋರ್ಟಿಗೆ ಹೋದರೆ ಗಂಡ-ಹೆಂಡತಿ ಇಬ್ಬರೂ ಆದಾಯ, ಆಸ್ತಿ, ಸಾಲದ ಅಫಿಡವಿಟ್ ಕೊಡಬೇಕು. ರಜನೀಶ್–ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲೇ ಹೇಳಿದೆ.

ಅಕ್ಕ ಸಹಿ ಹಾಕಿದಳು, "18ರವರೆಗೆ" ಅನ್ನೋದನ್ನ ಹೊಡೆದುಹಾಕಿಸಿದ ಮೇಲೆ. ನೀವೂ ಆ ಸಾಲನ್ನು ಮೊದಲು ಓದಿ.