ಹಳೆ ಜೀಪಿಗೆ ಸರಿಯಾದ ಆಯಿಲ್ ಕಡ್ಡಿ

ಮಣಿಪಾಲದಿಂದ ಪರ್ಕಳ ದಾಟಿ ಹಿರಿಯಡ್ಕಕ್ಕೆ ಬರುವ ಹೆದ್ದಾರಿ ಮುಂದೆ ಪೆರ್ಡೂರು, ಹೆಬ್ರಿ, ಸೋಮೇಶ್ವರ ಹಾದು ಆಗುಂಬೆ ಘಾಟಿ ಹತ್ತುತ್ತದೆ. ಇನ್ನೊಂದು ರಸ್ತೆ ಬೈಲೂರಿನ ಮೇಲಾಗಿ ಕಾರ್ಕಳ ಸೇರಿ, ಅಲ್ಲಿಂದ ಬಜಗೋಳಿ, ಮಾಳದ ಕಡೆ ಕುದುರೆಮುಖದ ಕಾಡಿಗೆ ಮುಖ ಮಾಡುತ್ತದೆ. ಘಾಟಿಯ ಬುಡದ ಈ ಊರುಗಳಲ್ಲಿ ಜೀಪು ಷೋಕಿಗೆ ಬಂದ ವಾಹನವಲ್ಲ. ಬಸ್ಸು ಹೋಗದ ಮಣ್ಣುದಾರಿಗೆ ಅದೊಂದೇ ಗತಿಯಾಗಿತ್ತು. ಅಡಿಕೆ ಮೂಟೆ, ತೋಟದ ಗೊಬ್ಬರ, ಮದುವೆ ದಿಬ್ಬಣ, ಆಸ್ಪತ್ರೆಗೆ ಹೊರಟ ಬಸುರಿ ಎಲ್ಲರೂ ಎಲ್ಲವೂ ಅದರಲ್ಲೇ. ಇವತ್ತಿಗೂ ಕೊಲ್ಲೂರಿನಿಂದ 1,343 ಮೀಟರ್ ಎತ್ತರದ ಕೊಡಚಾದ್ರಿಗೆ ಭಕ್ತರನ್ನು ಏರಿಸುವುದು ಜೀಪುಗಳೇ.

ಆ ಕಾಲದ ಎಷ್ಟೋ ಜೀಪುಗಳು ಈಗ ತೋಟದ ಶೆಡ್ಡಿನಲ್ಲೋ ಮನೆಯ ಹಿಂದಿನ ಕೊಟ್ಟಿಗೆಯಲ್ಲೋ ನಿಂತಿವೆ. ಅಜ್ಜನ ಜೀಪನ್ನು ಮತ್ತೆ ಓಡಿಸಬೇಕೆಂದು ಹೊರಟ ಮೊಮ್ಮಕ್ಕಳಿಗೆ ಟೈರು ಸಿಗುತ್ತದೆ, ಬ್ಯಾಟರಿ ಸಿಗುತ್ತದೆ, ಬ್ರೇಕಿನ ಸಾಮಾನು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಬಸ್ಸಿನಲ್ಲಿ ಬರುತ್ತದೆ. ಗೋಳು ಹೊಯ್ದುಕೊಳ್ಳುವುದು ಒಂದು ತೆಳ್ಳನೆಯ ಉಕ್ಕಿನ ಪಟ್ಟಿ: ಎಂಜಿನ್ ಆಯಿಲ್ ಎಷ್ಟಿದೆಯೆಂದು ನೋಡುವ ಡಿಪ್‌ಸ್ಟಿಕ್, ಗ್ಯಾರೇಜಿನ ಮಾತಿನಲ್ಲಿ ಆಯಿಲ್ ಕಡ್ಡಿ. ಹಳೆ ಜೀಪಿನಲ್ಲಿ ಅದು ಒಂದೋ ಕಳೆದುಹೋಗಿರುತ್ತದೆ, ಇಲ್ಲವೇ ಇನ್ಯಾವುದೋ ಎಂಜಿನ್‌ನದು ಬಂದು ಕೂತಿರುತ್ತದೆ. ಕಳೆದುಹೋದದ್ದೇ ವಾಸಿ, ಇಲ್ಲವೆಂದಾದರೂ ಗೊತ್ತಾಗುತ್ತದೆ. ತಪ್ಪು ಕಡ್ಡಿ ದಿನಾ ಸುಳ್ಳು ಲೆಕ್ಕ ಕೊಡುತ್ತಿರುತ್ತದೆ, ನಾವು ನಂಬುತ್ತಿರುತ್ತೇವೆ.

ಕಡ್ಡಿಯು ಎಂಜಿನ್‌ನ ಅಡಿಯಲ್ಲಿ ಆಯಿಲ್ ನಿಲ್ಲುವ ಚೇಂಬರಿನ ತಳದಿಂದ ಮೇಲಕ್ಕೆ ಅಳೆಯುತ್ತದೆ ಎಂದು ಹೆಚ್ಚಿನವರು ತಿಳಿದಿದ್ದಾರೆ. ಹಾಗಲ್ಲ. ಪೈಪಿನ ಬಾಯಲ್ಲಿ ತಾನು ಕೂರುವ ಜಾಗದಿಂದ ಕೆಳಗೆ ಎಣ್ಣೆಯ ಮೇಲ್ಮೈವರೆಗೆ ಎಷ್ಟು ದೂರವೆಂಬುದನ್ನು ಅದು ತೋರಿಸುತ್ತದೆ. ಬಾವಿಕಟ್ಟೆಯಿಂದ ಗಂಟು ಹಾಕಿದ ಹಗ್ಗ ಇಳಿಸಿ ನೀರಿನ ಮಟ್ಟ ನೋಡಿದ ಹಾಗೆ. ಕಟ್ಟೆಯನ್ನು ಒಂದು ಮುರಕಲ್ಲಿನಷ್ಟು ಎತ್ತರಿಸಿದರೆ ಹಳೆಯ ಗಂಟಿಗೆ ಬೆಲೆಯಿಲ್ಲ. ಹೀಗಾಗಿ ಕಡ್ಡಿ ಸರಿಯೋ ತಪ್ಪೋ ಎಂಬುದು ಕಡ್ಡಿಯೊಂದನ್ನೇ ನೋಡಿದರೆ ತಿಳಿಯದು. ಬ್ಲಾಕು, ಅದಕ್ಕೆ ಸಿಕ್ಕಿಸಿದ ಪೈಪು, ಕೆಳಗಿನ ಚೇಂಬರು ಈ ಮೂರೂ ಯಾವುವೆಂದು ಗೊತ್ತಾದ ಮೇಲಷ್ಟೇ ನಾಲ್ಕನೆಯದರ ಮಾತು. ಬಾನೆಟ್ಟಿನ ಮೇಲೆ ಬರೆದ ಹೆಸರು ಹೇಳಿ ಕಡ್ಡಿ ಕೇಳಿದರೆ ಅಂಗಡಿಯವರು ಏನೋ ಒಂದನ್ನು ಕೊಡುತ್ತಾರೆ. ಸರಿಯಾದದ್ದು ಬೇಕಿದ್ದರೆ ಮೊದಲು ಎಂಜಿನ್‌ನ ಗುರುತು ಹಿಡಿಯಬೇಕು. ಈ ಕರಾವಳಿಯ ಹಳೆ ಜೀಪು ಮೇಸ್ತ್ರಿಗಳ ನಿಜವಾದ ವಿದ್ಯೆ ಇದೇ ಎಂದು ನನಗನ್ನಿಸುತ್ತದೆ.

ಗುರುತು ಹಿಡಿಯುವುದು ಏಕೆ ಕಷ್ಟವೆಂದರೆ, ನಮ್ಮ ದೇಶದ ಜೀಪಿನ ಹೊಟ್ಟೆಯೊಳಗೆ ಮೂರು ದೇಶಗಳ ಎಂಜಿನ್‌ಗಳು ಓಡಾಡಿವೆ. ಎರಡನೇ ಮಹಾಯುದ್ಧದ ವಿಲ್ಲೀಸ್ ಎಂಬಿ ಜೀಪಿನಲ್ಲಿದ್ದದ್ದು ಎಲ್-134 ಎಂಬ ಪೆಟ್ರೋಲ್ ಎಂಜಿನ್, 'ಗೋ ಡೆವಿಲ್' ಎಂಬ ಹೆಸರಿನದು. ನಾಲ್ಕು ಸಿಲಿಂಡರು, 2,199 ಸಿಸಿ, 60 ಅಶ್ವಶಕ್ತಿ. ಬಾರ್ನಿ ರೂಸ್ ಎಂಬ ಎಂಜಿನಿಯರ್ ವಿಲ್ಲೀಸ್ ಕಂಪೆನಿಯ ಹಳೆಯ ಕಾರಿನ ಎಂಜಿನ್ನನ್ನೇ ತಿದ್ದಿ ತೀಡಿ ಈ ಶಕ್ತಿ ಹೊರಡಿಸಿದರು. ಅದರಲ್ಲಿ ವಾಲ್ವುಗಳೆಲ್ಲ ಬ್ಲಾಕಿನ ಪಕ್ಕದಲ್ಲಿವೆ, ಹೆಡ್ಡು ಒಂದು ಚಪ್ಪಟೆ ಮುಚ್ಚಳ, ಪ್ಲಗ್ಗುಗಳು ಮೇಲೆ ಸಾಲಾಗಿ ಕಾಣುತ್ತವೆ. ಯುದ್ಧ ಮುಗಿದ ಮೇಲೆ ಬಂದ ಸಿಜೆ-2ಎ, ಸಿಜೆ-3ಎಗಳಲ್ಲಿಯೂ ಇದೇ.

1953ರ ಸಿಜೆ-3ಬಿಯಲ್ಲಿ ಬಂದದ್ದು ಎಫ್-134, 'ಹರಿಕೇನ್'. ಬೋರು, ಸ್ಟ್ರೋಕು ಮೊದಲಿನವೇ. ಆದರೆ ಇನ್‌ಟೇಕ್ ವಾಲ್ವುಗಳು ಹೆಡ್ಡಿನ ಮೇಲಕ್ಕೆ ಹೋದವು, ಎಕ್ಸಾಸ್ಟ್ ವಾಲ್ವುಗಳು ಬ್ಲಾಕಿನಲ್ಲೇ ಉಳಿದವು. ಎಂಜಿನ್ ಎತ್ತರವಾಯಿತು, ಅದನ್ನು ಮುಚ್ಚಲು ಬಾನೆಟ್ಟೂ ಎತ್ತರವಾಯಿತು. ನಮ್ಮ ಹಿರಿಯರು ಕಂಡ ಎತ್ತರ ಬಾನೆಟ್ಟಿನ ಮಹೀಂದ್ರ ಜೀಪಿನ ಮೂಲ ಇದು. 1940ರ ದಶಕದ ಕೊನೆಗೆ ವಿಲ್ಲೀಸ್ ಬಿಡಿಭಾಗಗಳನ್ನು ತರಿಸಿ ಮುಂಬೈಯ ಮಝಗಾಂವ್‌ನಲ್ಲಿ ಜೋಡಿಸಲು ತೊಡಗಿದ ಮಹೀಂದ್ರ, ಮುಂದೆ ಸಿಜೆ-3ಬಿಯನ್ನು ಲೈಸೆನ್ಸ್ ಪಡೆದು ಇಲ್ಲೇ ತಯಾರಿಸಿತು, ದಶಕಗಟ್ಟಲೆ ತಯಾರಿಸಿತು. ಈ ಎರಡೂ ಪೆಟ್ರೋಲ್ ಎಂಜಿನ್‌ಗಳಲ್ಲಿ ಆಯಿಲ್ ಹಾಕುವ ಪೈಪಿನ ಮುಚ್ಚಳವೂ ಕಡ್ಡಿಯೂ ಒಂದೇ ತುಂಡು. ಆದರೆ ಎರಡರ ಪೈಪೂ ಒಂದೇ ಅಲ್ಲ, ಕಡ್ಡಿಯೂ ಒಂದೇ ಅಲ್ಲ. ಒಂದೇ ಕುಲದ ಎಂಜಿನ್ ತಾನೇ ಎಂದು ಅದರದನ್ನು ಇದಕ್ಕೆ ಇಳಿಬಿಟ್ಟಲ್ಲೇ ತಪ್ಪು ಶುರು.

ಪೆಟ್ರೋಲಿನ ಖರ್ಚು ತಾಳಲಾರದೆ ಜೀಪುಗಳು ಡೀಸೆಲ್ಲಿಗೆ ತಿರುಗಿದಾಗ ಕಥೆ ಇನ್ನಷ್ಟು ಸಿಕ್ಕಾಯಿತು. ಇಂಟರ್‌ನ್ಯಾಷನಲ್ ಬಿ-275 ಟ್ರ್ಯಾಕ್ಟರಿನ ಎಂಜಿನ್ ಜೀಪಿಗೆ ಬಂತು. ಆಮೇಲೆ ಫ್ರಾನ್ಸಿನ ಪ್ಯೂಜೋ ಕಂಪೆನಿಯ ಎಕ್ಸ್‌ಡಿಪಿ 4.90 ಬಂತು, ಎಂಎಂ 540ರಂಥ ಜೀಪುಗಳಲ್ಲಿ 'ಪ್ಯೂಜೋ ಎಂಜಿನ್' ಎಂದು ಮನೆಮಾತಾದದ್ದು ಅದು. ಹೆಸರಿನಲ್ಲೇ ಅದರ ಜಾತಕ ಇದೆ: 4 ಸಿಲಿಂಡರು, 90 ಮಿಲಿಮೀಟರ್ ಬೋರು. ಸ್ಟ್ರೋಕು 83 ಮಿಲಿಮೀಟರ್, ಲೆಕ್ಕ ಹಾಕಿದರೆ 2,112 ಸಿಸಿ. ಕಂಪೆನಿ ಕೂರಿಸಿ ಕಳಿಸಿದ್ದು ಒಂದು ಪಾಲಾದರೆ, ಗ್ಯಾರೇಜುಗಳಲ್ಲಿ ಹಳೆ ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಏರಿಸಿದ್ದು ಇನ್ನೊಂದು ಪಾಲು. ಹಾಗೆ ಏರಿಸುವಾಗ ಮುಂದಿನ ಆಕ್ಸಲ್ಲಿಗೆ ತಾಗುತ್ತದೆಂದು ಚೇಂಬರನ್ನು ಕತ್ತರಿಸಿ ಬೆಸುಗೆ ಹಾಕಿದ್ದೂ ಉಂಟು. ಅಂಥ ಎಂಜಿನ್ನಿಗೆ ಕಂಪೆನಿಯ ಹೊಸ ಕಡ್ಡಿ ತಂದರೂ ಅದು ಸರಿಯಾದ ಕಡ್ಡಿಯಲ್ಲ.

ನಮ್ಮ ಸೀಮೆಯಲ್ಲಿ ಈ ವಿದ್ಯೆ ಬೆಳೆದದ್ದಕ್ಕೆ ಕಾರಣವಿದೆ. ಇದು ಖಾಸಗಿ ಬಸ್ಸುಗಳ ನೆಲ. ಮಂಗಳೂರಿನಲ್ಲಿ 1914ರಲ್ಲಿ ಹುಟ್ಟಿದ ಸಿಪಿಸಿ ಕಂಪೆನಿ, ಆಮೇಲಿನ ಹನುಮಾನ್, ಶಂಕರ್ ವಿಠಲ್ ಬಸ್ಸುಗಳು ಊರೂರಿಗೆ ಓಡಿದವು. ಬಸ್ಸು ನಿಂತರೆ ಅನ್ನ ನಿಂತಿತು ಎಂಬ ಕಡೆ, ಸಾಮಾನು ಮುಂಬೈಯಿಂದ ಬರುವವರೆಗೆ ಕಾಯುವಂತಿರಲಿಲ್ಲ. ಲೇತ್ ಇತ್ತು, ಬೆಸುಗೆ ಇತ್ತು, ಅಳತೆ ತೆಗೆದು ಅಲ್ಲೇ ಮಾಡಿ ಕೂರಿಸುವ ಕೈ ಇತ್ತು. ಜೀಪು ಮೇಸ್ತ್ರಿಗಳು ಆ ಪರಂಪರೆಯವರು. ಧರ್ಮಸ್ಥಳದ ಸಂಗ್ರಹಾಲಯದಲ್ಲಿ ಹಳೆಯ ಕಾರುಗಳನ್ನು ನೋಡಿ ಕಣ್ತುಂಬಿಕೊಳ್ಳಬಹುದು. ಆದರೆ ನಿಂತ ಗಾಡಿಗೆ ಆಯಿಲ್ ಮಟ್ಟದ ಚಿಂತೆಯಿಲ್ಲ, ಆಗುಂಬೆಯ 14 ತಿರುವುಗಳನ್ನು ಹತ್ತಬೇಕಾದ ಗಾಡಿಗೆ ಉಂಟು.

ಗ್ಯಾರೇಜಿನಲ್ಲಿ ನಡೆಯುವ ಮಾತು ಸಾಮಾನ್ಯವಾಗಿ ಹೀಗಿರುತ್ತದೆ.

"ಆಯಿಲ್ ನೋಡಿಯೇ ತಂದದ್ದು ಅಣ್ಣ, ಫುಲ್ ಉಂಟು."

"ಫುಲ್ ಉಂಟು ಅಂತ ಹೇಳಿದ್ದು ಯಾರು ಮಾರಾಯ್ರೆ? ಈ ಕಡ್ಡಿಯಾ? ಇದು ಈ ಎಂಜಿನ್‌ದೇ ಅಲ್ಲ."

ತಪ್ಪು ಕಡ್ಡಿ ಎರಡು ಬಗೆಯಲ್ಲಿ ಕೆಡಿಸುತ್ತದೆ. ಕಡ್ಡಿ ಗಿಡ್ಡವಾದರೆ ಅದರ ಗೆರೆ ಇರಬೇಕಾದ್ದಕ್ಕಿಂತ ಮೇಲಿರುತ್ತದೆ. ಸರಿಯಾಗಿ ಆಯಿಲ್ ಇದ್ದರೂ ಕಡಿಮೆ ಕಾಣುತ್ತದೆ, ಮಾಲೀಕರು ಸುರಿಯುತ್ತಾರೆ. ಹೆಚ್ಚಾದ ಎಣ್ಣೆಗೆ ಕ್ರ್ಯಾಂಕು ಬಡಿದು ನೊರೆ ಏಳುತ್ತದೆ. ನೊರೆಯಲ್ಲಿ ಗಾಳಿಯೇ ಹೆಚ್ಚು, ಬೇರಿಂಗಿಗೆ ಬೇಕಾದ ಎಣ್ಣೆಯ ಪದರ ಕಟ್ಟುವುದಿಲ್ಲ. ಹಿಂದಿನ ಮೇನ್ ಸೀಲಿನಿಂದ ಆಯಿಲ್ ಜಿನುಗಿ ಕ್ಲಚ್ ಪ್ಲೇಟಿಗೆ ತಾಗಿದರೆ ಘಾಟಿಯ ನಡುವೆ ಕ್ಲಚ್ ಜಾರುತ್ತದೆ. ಸೈಲೆನ್ಸರಿನಲ್ಲಿ ನೀಲಿ ಹೊಗೆ ಕಂಡು, ರಿಂಗ್ ಹೋಗಿದೆ, ಎಂಜಿನ್ ಬೋರಿಗೆ ಬಂದಿದೆ ಎಂದು ಬಿಚ್ಚಲು ಹೊರಡುವವರೂ ಇದ್ದಾರೆ.

ಕಡ್ಡಿ ಉದ್ದವಾದರೆ ಅದಕ್ಕಿಂತ ಕಷ್ಟ. ಒಳಗೆ ಆಯಿಲ್ ಕಡಿಮೆಯಿದ್ದರೂ ಫುಲ್ ಎನ್ನುತ್ತದೆ. ಸಪಾಟು ರಸ್ತೆಯಲ್ಲಿ ಹೇಗೋ ನಡೆಯುತ್ತದೆ. ಏರಿನಲ್ಲಿ ಮೂತಿ ಮೇಲಾದಾಗ ಎಣ್ಣೆಯೆಲ್ಲ ಚೇಂಬರಿನ ಹಿಂಬದಿಗೆ ಸರಿಯುತ್ತದೆ, ಪಂಪು ಗಾಳಿ ಎಳೆಯುತ್ತದೆ, ಬೇರಿಂಗು ಒಣಗುತ್ತದೆ. ವಿಲ್ಲೀಸ್ ಎಂಜಿನ್‌ನಲ್ಲಿ ಇದಕ್ಕೊಂದು ಚಂದದ ಏರ್ಪಾಡಿದೆ: ಪಂಪಿಗೆ ಆಯಿಲ್ ಎಳೆಯುವ ಬಾಯಿ ಎಣ್ಣೆಯಲ್ಲಿ ತೇಲುತ್ತಿರುತ್ತದೆ, ತಳದ ಕೆಸರನ್ನು ಎಳೆದುಕೊಳ್ಳದೆ ಮೇಲಿನ ತಿಳಿಯನ್ನು ಎಳೆಯಲೆಂದು. ತೇಲಲು ಎಣ್ಣೆ ಇರಬೇಕಲ್ಲ.

ಹಾಗಾದರೆ ಸರಿಯಾದ ಕಡ್ಡಿ ಸಿಗುವುದೆಲ್ಲಿ? ಮೊದಲು ನಂಬರು ನೋಡಬೇಕು. ವಿಲ್ಲೀಸ್ ಕುಲದ ಪೆಟ್ರೋಲ್ ಎಂಜಿನ್‌ನಲ್ಲಿ ಅದು ಮುಂಭಾಗದಲ್ಲಿ, ವಾಟರ್ ಪಂಪಿನ ಬಳಿ ಬ್ಲಾಕಿನ ಮೇಲೆ ಕೊರೆದಿರುತ್ತದೆ. ವೈರ್ ಬ್ರಷ್ ಹಾಕಿ ಸೀಮೆಎಣ್ಣೆಯಲ್ಲಿ ಉಜ್ಜಿದರೆ ಕಾಣುತ್ತದೆ. ಆರ್‌ಸಿಯಲ್ಲಿರುವ ನಂಬರಿಗೂ ಇದಕ್ಕೂ ತಾಳೆ ನೋಡಬೇಕು. ನಂಬರು ಹೇಳಿ ಜೆ.ಸಿ. ರಸ್ತೆಯಲ್ಲಿ ಕೇಳಬಹುದು, ಶಿವಾಜಿನಗರದ ಗುಜರಿಯಲ್ಲಿ ಹುಡುಕಬಹುದು, ಜೀಪು ಕಟ್ಟುವುದಕ್ಕೆ ಹೆಸರಾದ ಉತ್ತರದ ಮಂಡಿ ಡಬ್ವಾಲಿಯಿಂದ ತರಿಸಬಹುದು. ಕಡ್ಡಿ ಮಾತ್ರ ತರುವುದಕ್ಕಿಂತ ಪೈಪನ್ನೂ ಜೊತೆಗೆ ತರುವುದು ಜಾಣತನ.

ಎಲ್ಲಿಂದ ತಂದರೂ ಪರೀಕ್ಷೆ ಒಂದೇ, ಅದನ್ನು ತಪ್ಪಿಸಬಾರದು. ಗಾಡಿಯನ್ನು ಸಪಾಟು ನೆಲದಲ್ಲಿ ನಿಲ್ಲಿಸಬೇಕು; ನಮ್ಮ ಗುಡ್ಡೆಯ ಊರುಗಳಲ್ಲಿ ಮನೆಯಂಗಳವೇ ಇಳಿಜಾರಾಗಿರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ಎಂಜಿನ್ ಬಿಸಿಯಿರುವಾಗ ಡ್ರೈನ್ ಬೋಲ್ಟ್ ತೆಗೆದು ಹಳೆ ಆಯಿಲ್ ಪೂರ್ತಿ ಇಳಿಸಬೇಕು. ಫಿಲ್ಟರ್ ಬದಲಿಸಿ, ಆ ಎಂಜಿನ್ನಿಗೆ ಕಂಪೆನಿ ಹೇಳಿದ್ದಕ್ಕಿಂತ ಒಂದು ಲೀಟರ್ ಕಡಿಮೆ ಅಳೆದು ಹಾಕಬೇಕು. ಸ್ವಲ್ಪ ಹೊತ್ತು ಓಡಿಸಿ ಫಿಲ್ಟರ್ ತುಂಬಿದ ಮೇಲೆ ನಿಲ್ಲಿಸಿ, ಮೇಲಿನ ಆಯಿಲ್ ಇಳಿಯುವವರೆಗೆ ಕಾದು ಕಡ್ಡಿ ಇಳಿಸಿದರೆ ತೇವ ನಿಂತಲ್ಲಿ ಕೆಳಗಿನ ಗೆರೆ. ಉಳಿದ ಲೀಟರ್ ಹಾಕಿ ಮತ್ತೆ ಹಾಗೇ ನೋಡಿದರೆ ಮೇಲಿನ ಗೆರೆ. ತಂದ ಕಡ್ಡಿಯ ಗೆರೆಗಳು ಇವಕ್ಕೆ ಹೊಂದಿದರೆ ಅದು ಸರಿಯಾದದ್ದು. ಹೊಂದದಿದ್ದರೆ ಉದ್ದ ಕಡ್ಡಿಯೊಂದನ್ನು ತಂದು, ಕ್ರ್ಯಾಂಕಿಗೂ ತಳಕ್ಕೂ ತಾಗದಷ್ಟಕ್ಕೆ ಕತ್ತರಿಸಿ, ಅರದಿಂದ ಹೊಸ ಗೆರೆ ಕೊರೆಯುತ್ತಾರೆ. ಚೇಂಬರ್ ಕತ್ತರಿಸಿದ ಎಂಜಿನ್ನಿಗೆ ಪುಸ್ತಕದ ಅಳತೆಯನ್ನು ಕಣ್ಣುಮುಚ್ಚಿ ನಂಬಬಾರದು. ತಗ್ಗಿದ ಜಾಗ ಎಷ್ಟೆಂದು ನೋಡಿ ಮೇಸ್ತ್ರಿ ಹೊಸ ಲೆಕ್ಕ ಕಟ್ಟಬೇಕಾಗುತ್ತದೆ, ಆಯಿಲ್ ಪ್ರೆಶರ್ ಮೀಟರನ್ನು ಏರಿನಲ್ಲೂ ಗಮನಿಸಿ ಅದನ್ನು ಖಚಿತ ಮಾಡಿಕೊಳ್ಳಬೇಕಾಗುತ್ತದೆ.

ಅಳತೆಯಲ್ಲೇ ಒಂದು ಹೊಂಡವಿದೆ. ವಿಲ್ಲೀಸ್ ಪುಸ್ತಕ ಚೇಂಬರಿಗೆ 4 ಕ್ವಾರ್ಟ್, ಫಿಲ್ಟರ್ ಬದಲಿಸಿದರೆ 5 ಎನ್ನುತ್ತದೆ. ಅದು ಅಮೆರಿಕದ ಕ್ವಾರ್ಟ್, 0.946 ಲೀಟರ್, ನಾಲ್ಕಕ್ಕೆ ಸುಮಾರು 3.8 ಲೀಟರ್. ಮೆಟ್ರಿಕ್ ಪದ್ಧತಿ ಬರುವ ಮೊದಲು ನಮ್ಮಲ್ಲಿ ನಡೆಯುತ್ತಿದ್ದುದು ಬ್ರಿಟಿಷ್ ಗ್ಯಾಲನ್ನಿನ ಲೆಕ್ಕ. ಆ ಕ್ವಾರ್ಟ್ 1.136 ಲೀಟರ್, ನಾಲ್ಕಕ್ಕೆ ನಾಲ್ಕೂವರೆ ಲೀಟರ್ ದಾಟುತ್ತದೆ. ಎರಡನ್ನೂ ಒಂದೇ ಎಂದು ಬಗೆದು ಗೆರೆ ಕೊರೆದ ಕಡ್ಡಿ ಪ್ರತಿ ಸಲ ಮುಕ್ಕಾಲು ಲೀಟರ್ ಹೆಚ್ಚು ಹಾಕಿಸುತ್ತದೆ.

ಕಡ್ಡಿ ಸರಿಯಾದರೆ ಅದು ಮಟ್ಟವನ್ನಷ್ಟೇ ತೋರಿಸಿ ಸುಮ್ಮನಿರುವುದಿಲ್ಲ. ಹಾಕದೆಯೇ ಮಟ್ಟ ಏರಿ ಪೆಟ್ರೋಲ್ ವಾಸನೆ ಬಂದರೆ ಫ್ಯೂಯೆಲ್ ಪಂಪಿನ ಡಯಾಫ್ರಾಮ್ ಹರಿದಿರಬಹುದು. ಕಾಫಿ ಬಣ್ಣದ ಕೆನೆ ಅಂಟಿದ್ದರೆ ನೀರು ಸೇರಿದೆ: ಹೆಡ್ ಗ್ಯಾಸ್ಕೆಟ್ ನೋಡಬೇಕು, ಇಲ್ಲವೇ ಮಳೆಗಾಲದಲ್ಲಿ ಪೈಪಿನ ಮುಚ್ಚಳ ಸಡಿಲವಿತ್ತೇ ಎಂದು ನೋಡಬೇಕು. ಬೇಸಿಗೆಯಲ್ಲಿ ಅದೇ ಸಡಿಲ ಮುಚ್ಚಳದಿಂದ ಕೆಂಪು ಧೂಳು ಒಳಗಿಳಿಯುತ್ತದೆ. ಪೆಟ್ರೋಲ್ ಜೀಪಿನಲ್ಲಿ ಕಡ್ಡಿಯೇ ಮುಚ್ಚಳವಾದ್ದರಿಂದ, ಕಡ್ಡಿ ಕಳೆದು ಬಟ್ಟೆ ತುರುಕಿ ಓಡಿಸುವುದನ್ನು ಕಂಡಾಗ ಮನಸ್ಸಿಗೆ ನೋವಾಗುತ್ತದೆ.

ಎಂಜಿನ್‌ನ ಗುರುತು ಈಗ ಕಾಗದಪತ್ರದ ಕೆಲಸಕ್ಕೂ ಬೇಕು. 2021ರ ಜುಲೈಯಲ್ಲಿ ಕೇಂದ್ರ ಸರಕಾರ ವಿಂಟೇಜ್ ವಾಹನಗಳ ನೋಂದಣಿಗೆ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ವಾಹನ ಮೂಲರೂಪದಲ್ಲಿರಬೇಕು, ಚಾಸಿಸ್, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ನಂಬರ್ ಪ್ಲೇಟಿನಲ್ಲಿ 'ವಿಎ' ಅಕ್ಷರಗಳು ಬರುತ್ತವೆ. ದಶಕಗಳ ಹಿಂದೆ ಡೀಸೆಲ್ ಏರಿಸಿಕೊಂಡ ಜೀಪಿಗೆ ಈ ಬಾಗಿಲು ತೆರೆಯುವುದು ಕಷ್ಟ. ಹಾಗಾಗಿ ಶೆಡ್ಡಿನ ಮೂಲೆಯಲ್ಲೋ ಗುಜರಿಯಲ್ಲೋ ಬಿದ್ದಿರುವ ಹರಿಕೇನ್ ಎಂಜಿನ್ನನ್ನು ತೂಕಕ್ಕೆ ಕೊಡುವ ಮೊದಲು ಅದರ ನಂಬರನ್ನೊಮ್ಮೆ ಆರ್‌ಸಿಯ ಜೊತೆ ಹೋಲಿಸಿ ನೋಡಿ, ಕಡ್ಡಿ ಅದರ ಪೈಪಿನಲ್ಲೇ ಉಳಿದಿದೆಯೇ ಎಂದೂ ನೋಡಿ.