ದಂತಗಳ ಬಿಳುಪು

ಅಡಿಕೆಯ ನಾಡಾದ ಶಿವಮೊಗ್ಗೆಯಲ್ಲಿ ತಾಂಬೂಲವು ಆತಿಥ್ಯದ ಕುರುಹು. ಅದರ ಚೊಗರು ಹತ್ತಿ ಹಲ್ಲು ಕರೆಗಟ್ಟುವುದೂ ಸಹಜವೇ. ಈ ಕರೆಯನ್ನು ನೀಗಲೆಂದು ಇದ್ದಿಲಿನಿಂದಲೋ ಇಟ್ಟಿಗೆಯ ಪುಡಿಯಿಂದಲೋ ಉಜ್ಜುವವರುಂಟು. ಅದರಿಂದ ಹಲ್ಲಿನ ಹೊರಕವಚವಾದ ಎನಾಮಲ್ ಸವೆಯುತ್ತದೆ. ಸವೆದುದು ಮತ್ತೆ ಬೆಳೆಯದು. ಕವಚವು ತೆಳುವಾದಷ್ಟೂ ಒಳಪದರದ ಹಳದಿಯೇ ಎದ್ದು ಕಾಣುತ್ತದೆ.

ಹೊರಗಿನ ಕರೆಯನ್ನು ದಂತವೈದ್ಯರು ಶುಚಿಗೊಳಿಸಿ ತೆಗೆಯಬಲ್ಲರು. ಒಳಗಿಳಿದ ಬಣ್ಣಕ್ಕೆ ಮಾತ್ರ ಪೆರಾಕ್ಸೈಡ್ ಬೇಕು. 1936ರಲ್ಲಿ ಸ್ಥಾಪಿತವಾದ ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಯಲ್ಲಿ ಹಿಂದೆ ಕಾಗದದ ತಿರುಳನ್ನು ರಾಸಾಯನಿಕದಿಂದ ಬೆಳ್ಳಗಾಗಿಸುತ್ತಿದ್ದಂತೆ, ಇದೂ ಉಜ್ಜದೆಯೇ ಹಲ್ಲಿನೊಳಗಿನ ವರ್ಣದ್ರವ್ಯವನ್ನು ಒಡೆದು ತಿಳಿಗೊಳಿಸುತ್ತದೆ. ವೈದ್ಯರ ನಿಗಾದಲ್ಲಿ ಮನೆಯಲ್ಲಿಯೇ ಬಳಸಲು ಶೇಕಡಾ 10ರ ಕಾರ್ಬಮೈಡ್ ಪೆರಾಕ್ಸೈಡ್ ಲೇಪವು ರೂಢಿಯಲ್ಲಿದೆ. ಕೆಲದಿನ ಹಲ್ಲು ಜುಮ್ಮೆನ್ನಬಹುದು. ಹುಳುಕು, ವಸಡಿನ ಬೇನೆಗಳಿದ್ದರೆ ಮೊದಲು ಅವುಗಳಿಗೆ ಚಿಕಿತ್ಸೆಯಾಗಬೇಕು. ಕೃತಕ ದಂತಗಳು ಇದರಿಂದ ಬೆಳ್ಳಗಾಗವು.

ಆದುದರಿಂದ ಬಿಳುಪಿಗೆ ಮುನ್ನ ಬಾಯಿಯ ಪರೀಕ್ಷೆ ಅವಶ್ಯ. ಇದಕ್ಕೆ ಇನ್ನೊಂದು ಗುರುತರವಾದ ಕಾರಣವೂ ಉಂಟು. ಅಡಿಕೆಯು ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2004ರ ಗ್ರಂಥದಲ್ಲಿ ಪ್ರಕಟಿಸಿದೆ. ಬಾಯೊಳಗೆ ಬಿಳಿಯ ಮಚ್ಚೆಯೋ ಬಾಯಿ ತೆರೆಯಲು ಬಿಗಿತವೋ ಕಂಡುಬಂದರೆ, ಹಲ್ಲಿನ ಬಣ್ಣದ ಚಿಂತೆಯನ್ನು ಬದಿಗಿಟ್ಟು ಒಡನೆಯೇ ವೈದ್ಯರನ್ನು ಕಾಣತಕ್ಕದ್ದು.