ದುಬಾರಿ ಟಾರ್ಚು ಬೇಗ ಮಂಕಾಗುವುದೇಕೆ?

ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬರುವ ಊರುಗಳಲ್ಲಿ ಟಾರ್ಚು ಗುದ್ದಲಿಯಷ್ಟೇ ಅಗತ್ಯವಾದ ಸಾಧನ. ನೀರು ಕಟ್ಟಲು ಹೋದ ರೈತನಿಗೆ ಬದುವಿನ ಮೇಲೆ ಮಲಗಿರುವ ಕೊಳಕುಮಂಡಲ ಕಾಣುವುದೂ ಕಾಣದಿರುವುದೂ ಅದರ ಬೆಳಕನ್ನೇ ಅವಲಂಬಿಸಿದೆ. ಆದ್ದರಿಂದಲೇ ಹಲವರು ಖರ್ಚಿಗೆ ಹಿಂಜರಿಯದೆ ಚಾರ್ಜು ಮಾಡುವ ದೊಡ್ಡ ಟಾರ್ಚು ಕೊಳ್ಳುತ್ತಾರೆ. ಅದು ವರ್ಷ ತುಂಬುವ ಮೊದಲೇ ಮಂಕಾದರೆ ಹೊಟ್ಟೆ ಉರಿಯುವುದು ಸಹಜ.

ನಾನೂ ಈ ಪೆಟ್ಟು ತಿಂದವನೇ. 2,400 ರೂಪಾಯಿ ಕೊಟ್ಟು ತಂದ ಟಾರ್ಚಿನ ಡಬ್ಬಿಯ ಮೇಲೆ ಒಂದು ಕಿಲೋಮೀಟರ್ ದೂರ ಬೆಳಕು ಎಂದು ಬರೆದಿತ್ತು. ಮೊದಲ ಮಳೆಗಾಲ ಚೆನ್ನಾಗಿಯೇ ನಡೆಯಿತು. ಬೇಸಿಗೆಯಲ್ಲಿ ಅಟ್ಟದ ಮೇಲಿಟ್ಟು, ಮುಂಗಾರಿಗೆ ಇಳಿಸಿ, ರಾತ್ರಿಯಿಡೀ ಚಾರ್ಜು ಮಾಡಿ ಮರುದಿನ ತೋಟಕ್ಕೆ ಒಯ್ದೆ. ಪಂಪ್ ಮನೆ ತಲುಪುವುದರೊಳಗೆ ಆರಿಹೋಯಿತು. ಕತ್ತಲೆಯಲ್ಲಿ ಕೋಲಿನಿಂದ ಬದು ತಟ್ಟುತ್ತಾ ಮನೆಗೆ ಮರಳಬೇಕಾಯಿತು. ಬ್ಯಾಟರಿಗೆ ಗ್ಯಾರಂಟಿ ಇಲ್ಲವೆಂದು ಅಂಗಡಿಯವರು ಕೈ ಝಾಡಿಸಿದರು.

ಬಿಚ್ಚಿಸಿ ನೋಡಿದಾಗ ಕಾರಣ ತಿಳಿಯಿತು. ಅಷ್ಟು ದೊಡ್ಡ ಮೈಯೊಳಗೆ ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾದ, 4 ವೋಲ್ಟಿನ ಸೀಸ-ಆಮ್ಲದ ಬ್ಯಾಟರಿ. ಅದರ ಹೊಟ್ಟೆ ಉಬ್ಬಿತ್ತು. ಈ ಜಾತಿಯ ಬ್ಯಾಟರಿಯನ್ನು ಖಾಲಿಯಾದ ಸ್ಥಿತಿಯಲ್ಲಿ ತಿಂಗಳುಗಟ್ಟಲೆ ಬಿಟ್ಟರೆ ಒಳಗಿನ ತಟ್ಟೆಗಳ ಮೇಲೆ ಸೀಸದ ಸಲ್ಫೇಟಿನ ಹರಳು ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಎಷ್ಟು ಚಾರ್ಜು ಮಾಡಿದರೂ ಹಿಡಿಯುವುದಿಲ್ಲ. ಉಪಯೋಗಿಸದೆ ಇಟ್ಟರೂ ಅದು ತಾನಾಗಿ ಇಳಿಯುತ್ತಲೇ ಇರುತ್ತದೆ. ತಿಂಗಳಿಗೊಮ್ಮೆ ಪೂರ್ತಿ ಚಾರ್ಜು ಮಾಡಲೇಬೇಕು. ಅಟ್ಟಕ್ಕೆ ಹಾಕಿದ್ದು ನನ್ನ ತಪ್ಪು. ಈ ವಿಷಯವನ್ನು ಡಬ್ಬಿಯ ಮೇಲೆ ಒಂದು ಸಾಲಿನಲ್ಲೂ ಬರೆಯದಿದ್ದದ್ದು ತಯಾರಕರ ತಪ್ಪು.

ನಮ್ಮ ಹಳ್ಳಿಗಳಲ್ಲಿ ಟಾರ್ಚನ್ನೇ ‘ಬ್ಯಾಟರಿ’ ಎನ್ನುವ ರೂಢಿಯಿದೆ. ಆ ಹೆಸರೇ ಸರಿ. ಎಲ್ಇಡಿ ದೀಪ ಬೇಗ ಕೆಡುವುದು ಕಡಮೆ. ಮೊದಲು ಸೋಲುವುದು ಬಹುಮಟ್ಟಿಗೆ ಬ್ಯಾಟರಿ, ಅನಂತರ ಸ್ವಿಚ್ಚು. ಕೊಳ್ಳುವಾಗ ಮಾತ್ರ ನಾವು ನೋಡುವುದು ಮೈಯ ಗಾತ್ರ ಮತ್ತು ಬೆಳಕು ಬೀಳುವ ದೂರ!

ಬ್ಯಾಟರಿಯ ಶಕ್ತಿಯನ್ನು ರೈತರೇ ಲೆಕ್ಕ ಹಾಕಬಹುದು. ವೋಲ್ಟನ್ನು ಆಂಪಿಯರ್-ಗಂಟೆಯಿಂದ ಗುಣಿಸಿದರೆ ವಾಟ್-ಗಂಟೆ ಬರುತ್ತದೆ. 4 ವೋಲ್ಟ್, 0.9 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿರುವುದು 3.6 ವಾಟ್-ಗಂಟೆ. 3 ವಾಟಿನ ದೀಪ ಅದರಿಂದ ಹೆಚ್ಚೆಂದರೆ ಒಂದು ಗಂಟೆ ಉರಿದೀತು. ‘ಎಂಟು ಗಂಟೆ’ ಎಂದು ಬರೆದಿದ್ದರೆ ಅದು ಅತ್ಯಂತ ಮಂದ ಬೆಳಕಿನ ಲೆಕ್ಕವೆಂದು ತಿಳಿಯಬೇಕು.

ಈಗ ಲಿಥಿಯಂ ಸೆಲ್ಲಿನ ಟಾರ್ಚುಗಳೂ ಹೇರಳವಾಗಿವೆ. ಹಗುರ, ಶಕ್ತಿ ಹೆಚ್ಚು. ಇವುಗಳಲ್ಲಿ ಸಾಮಾನ್ಯವಾದದ್ದು 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ, 18650 ಎಂಬ ಸಂಖ್ಯೆಯ ಸೆಲ್ಲು. ಉತ್ತಮ ಕಂಪನಿಗಳ ಈ ಗಾತ್ರದ ಸೆಲ್ಲುಗಳಲ್ಲಿ ಸಾಮಾನ್ಯವಾಗಿ 2000ದಿಂದ 3500 ಮಿಲಿಆಂಪಿಯರ್-ಗಂಟೆ ಇರುತ್ತದೆ. ಇಷ್ಟೇ ಗಾತ್ರದ ಸೆಲ್ಲಿನ ಮೇಲೆ 9900 ಎಂದು ಅಚ್ಚಾಗಿದ್ದರೆ ಅದು ಸುಳ್ಳು. ತೂಗಿ ನೋಡಿದರೂ ಗೊತ್ತಾಗುತ್ತದೆ: ಒಳ್ಳೆಯ ಸೆಲ್ಲು ಸುಮಾರು 45 ಗ್ರಾಂ ತೂಗುತ್ತದೆ. ಇನ್ನೊಂದು ಸಂಗತಿ. ಹಳೆಯ ಮೂರು ಸೆಲ್ಲಿನ ಟಾರ್ಚು ನಿಧಾನವಾಗಿ ಕೆಂಪಗಾಗಿ ಮುನ್ಸೂಚನೆ ಕೊಡುತ್ತಿತ್ತು. ರಕ್ಷಣಾ ಸರ್ಕ್ಯೂಟ್ ಇರುವ ಲಿಥಿಯಂ ಟಾರ್ಚು ಎಷ್ಟೋ ಬಾರಿ ಒಮ್ಮೆಲೇ ಆರಿಬಿಡುತ್ತದೆ.

ಆದಕಾರಣ ಹೊಸ ಟಾರ್ಚನ್ನು ತಂದ ದಿನವೇ ಪರೀಕ್ಷಿಸಬೇಕು. ಪೂರ್ತಿ ಚಾರ್ಜು ಮಾಡಿ, ಮನೆಯಲ್ಲೇ ಗೋಡೆಗೆ ಬೆಳಕು ಬಿಟ್ಟು, ಎಷ್ಟು ನಿಮಿಷಕ್ಕೆ ಮಂಕಾಗುತ್ತದೆಂದು ಗಡಿಯಾರ ನೋಡಿ ಬರೆದಿಡಬೇಕು. ನೀರು ಕಟ್ಟುವವನಿಗೆ ಒಂದು ಕಿಲೋಮೀಟರ್ ದೂರದ ಬೆಳಕಿಗಿಂತ ಕಾಲ ಮುಂದಿನ ಹತ್ತು ಹೆಜ್ಜೆ ಹರಡಿ ಬೀಳುವ ಬೆಳಕು ಹೆಚ್ಚು ಉಪಯುಕ್ತ. ಬ್ಯಾಟರಿ ಬದಲಾಯಿಸಲು ಬರುವಂತೆ ಸ್ಕ್ರೂ ಇರುವ ಟಾರ್ಚನ್ನೇ ಆರಿಸುವುದು ಮೇಲು.

ಬಿಲ್ಲು ಪಡೆಯದೆ ಕೊಳ್ಳಬಾರದು. ಅದರಲ್ಲಿ ಬ್ಯಾಟರಿಯ ವಾರಂಟಿ ಅವಧಿ ಬರೆಸಬೇಕು. ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಹೇಳಬಹುದು. 2019ರ ಗ್ರಾಹಕ ರಕ್ಷಣಾ ಕಾಯಿದೆಯ ಪ್ರಕಾರ ಜಿಲ್ಲಾ ಆಯೋಗಕ್ಕೂ ಹೋಗಬಹುದು.

ಒಂದು ಎಚ್ಚರಿಕೆ. ಮೈಯಿಂದಲೇ ಪಿನ್ನು ಹೊರಬಂದು ನೇರವಾಗಿ ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಅಗ್ಗದ ಟಾರ್ಚುಗಳಲ್ಲಿ ಅನೇಕಕ್ಕೆ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಚಾರ್ಜಿಗಿಟ್ಟಾಗ ಒಳಗಿನ ಭಾಗಗಳಲ್ಲಿ 230 ವೋಲ್ಟ್ ಇರಬಹುದು. ಒಡೆದ ಟಾರ್ಚನ್ನು ಪ್ಲಗ್ಗಿಗೆ ಹಾಕಬಾರದು, ಒದ್ದೆ ಕೈಯಿಂದ ಮುಟ್ಟಬಾರದು. ಉಬ್ಬಿದ ಲಿಥಿಯಂ ಸೆಲ್ಲನ್ನು ಚುಚ್ಚಿದರೆ ಬೆಂಕಿ ಹತ್ತುತ್ತದೆ. ಮಕ್ಕಳ ಕೈಗೆ ಸಿಗದಂತಿಡಬೇಕು.

ನನ್ನ ಟಾರ್ಚಿಗೆ ಪೇಟೆಯ ರಿಪೇರಿ ಅಂಗಡಿಯಲ್ಲಿ ಬೇರೆ ಬ್ಯಾಟರಿ ಹಾಕಿಸಿ, ಈಗ ಪ್ರತಿ ಅಮಾವಾಸ್ಯೆಗೆ ತಪ್ಪದೆ ಚಾರ್ಜು ಮಾಡುತ್ತಿದ್ದೇನೆ. ಪಂಪ್ ಮನೆಯ ಮೊಳೆಗೆ ಹಳೆಯ ಎರಡು ಸೆಲ್ಲಿನ ಟಾರ್ಚೊಂದನ್ನೂ ತೂಗುಹಾಕಿದೆ. ಸೆಲ್ಲುಗಳನ್ನು ಮಾತ್ರ ಹೊರಗೆ ತೆಗೆದು, ಪಕ್ಕದಲ್ಲೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟಿದ್ದೇನೆ. ಒಳಗೇ ಬಿಟ್ಟರೆ ಸೋರಿ ಸ್ಪ್ರಿಂಗು ತುಕ್ಕು ಹಿಡಿಯುತ್ತದೆ.